ದೇವರು ಬಲ ಕೊಟ್ಟ ವರ್ಷ

ಹೋದ ತಿಂಗಳು ನಿಪ್ಪಾಣಿಯ ಪೇಟೆಯಲ್ಲಿ ಅರಿಶಿನ ತರಲು ಒಂದು ಅಂಗಡಿಗೆ ಹೋಗಿದ್ದೆ. ಅಂಗಡಿಯವನು ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಹಿತ್ತಾಳೆಯ ಬಟ್ಟಲಿಟ್ಟುಕೊಂಡು, ಶೇಂದೂರದ ಕೆಂಪು ಪುಡಿಗೆ ಎಣ್ಣೆ ಹಾಕಿ ಬೆರಳಿನಿಂದ ಕಲಸುತ್ತಿದ್ದ. ಶನಿವಾರ ಹಣಮಪ್ಪನ ಮೈಗೆ ಹಚ್ಚಲು ಯಾರೋ ಗಿರಾಕಿ ಹೇಳಿಹೋಗಿದ್ದರಂತೆ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಬಂದ ಕೆಲಸ ಮರೆತೆ... ಎಣ್ಣೆಯ ಕಮಟು, ಅದರೊಳಗೆ ಸೇರಿದ ಒಂದು ಥರದ ಮಣ್ಣಿನ ಘಾಟು. ಒಂದು ಕಾಲಕ್ಕೆ ಈ ವಾಸನೆ ನನ್ನ ಅಂಗಿಗೆ ಹತ್ತಿಕೊಂಡು ಎಷ್ಟು ಒಗೆದರೂ ಹೋಗಿರಲಿಲ್ಲ. 'ಮಾಸ್ತರ, ಎಷ್ಟ ಕಟ್ಲಿರಿ?' ಎಂದು ಅಂಗಡಿಯವನು ಕೇಳುತ್ತಲೇ ಇದ್ದ. ನಾನು ಆಗ ಅವನ ಅಂಗಡಿಯಲ್ಲಿ ಇರಲಿಲ್ಲ. ಕೃಷ್ಣಾ ದಂಡೆಯ ಒಂದು ಹಳ್ಳಿಯ ಗುಡಿಯಲ್ಲಿ ನಮ್ಮ ಬಾಯಾರ ಹಿಂದೆ ನಿಂತಿದ್ದೆ.

ಬಾಯಾರು ಅಂದರೆ ನಮ್ಮ ಸಂಪಾದಕರು. ಸಾಲಿ ಕಲಿಸುವ ಹೆಣ್ಣುಮಕ್ಕಳಿಗೆ ನಮ್ಮ ಭಾಗದಲ್ಲಿ ಬಾಯಾರು ಎನ್ನುವುದು ರೂಢಿ. ರಾಯಬಾಗ ಕಡೆಯ ಜೈನ ಒಕ್ಕಲುತನದ ಮನೆಯವರು. ಚಿಕ್ಕೋಡಿಯಲ್ಲಿ ಇತಿಹಾಸ ಕಲಿಸಿ ನಿವೃತ್ತರಾಗಿದ್ದರು. ಊರಿನ ಅರ್ಧ ವಕೀಲರು ಅವರ ಕೈಯಲ್ಲಿ ಕಿವಿ ಹಿಂಡಿಸಿಕೊಂಡವರೇ. ಹೀಗಾಗಿ ಅವರು ಕೋರ್ಟಿನ ಮುಂದೆ ಹಾದುಹೋದರೆ ಚಹಾದಂಗಡಿಯ ಕರಿ ಕೋಟುಗಳೆಲ್ಲ ಕಪ್ಪು ಕೆಳಗಿಟ್ಟು ಎದ್ದು ನಿಲ್ಲುತ್ತಿದ್ದವು. ಎತ್ತರದ ಆಳು, ಇಳಕಲ್ಲ ಸೀರೆ, ದಪ್ಪ ಗಾಜಿನ ಚಾಳೀಸು, ಓಣಿಯ ಆ ತುದಿಗೆ ಕೇಳಿಸುವ ನಗೆ. ವಾದ ಮಾಡುವುದೆಂದರೆ ಅವರಿಗೆ ಹಬ್ಬ. ಗೆದ್ದ ದಿನ ಖುಷಿಯಲ್ಲಿ ನನಗೂ ಚಹಾ ಹೇಳುತ್ತಿದ್ದರು. ಸೋತರೆ ಮರುದಿನ ಅದೇ ಮಾತು ಮತ್ತೆ ಎತ್ತಿ ಗೆಲ್ಲುವವರೆಗೂ ಬಿಡುತ್ತಿರಲಿಲ್ಲ.

ನಮ್ಮ ಸಂಶೋಧನ ಸಂಸ್ಥೆಯ ಹೆಸರು ಅದರ ಕೋಣೆಗಳಿಗಿಂತ ಉದ್ದವಾಗಿತ್ತು. ಚಿಕ್ಕೋಡಿಯ ಒಂದು ಶಿಕ್ಷಣ ಮಂಡಳಿ ತನ್ನ ಹಳೆಯ ಕಟ್ಟಡದ ಮಹಡಿಯಲ್ಲಿ ಎರಡು ಕೋಣೆ ಬಿಟ್ಟುಕೊಟ್ಟು, ಅಚ್ಚಿನ ಖರ್ಚು ಹೊತ್ತು, ಗಡಿನಾಡಿನ ಇತಿಹಾಸ, ಭಾಷೆ, ಜಾನಪದ ಎಲ್ಲವನ್ನೂ ಸಂಶೋಧಿಸಿರಿ ಎಂದು ದೊಡ್ಡ ಬೋರ್ಡು ಬರೆಸಿ ಹಾಕಿತ್ತು. ಸಂಶೋಧಿಸಲು ಇದ್ದವರು ಇಬ್ಬರು. ಬಾಯಾರು, ಮತ್ತು ಮುಂಜಾನೆ ಕಾಲೇಜಿನಲ್ಲಿ ಕನ್ನಡ ಕಲಿಸಿ ಮಧ್ಯಾಹ್ನ ಉಪಸಂಪಾದಕನಾಗುತ್ತಿದ್ದ ನಾನು. ವರ್ಷಕ್ಕೆರಡು ಸಲ ನಮ್ಮ ಪತ್ರಿಕೆ ಬರುತ್ತಿತ್ತು. ನಿಪ್ಪಾಣಿಯ ಪ್ರೆಸ್ಸಿನಲ್ಲಿ ಸೀಸದ ಅಕ್ಷರದ ಮೊಳೆ ಜೋಡಿಸಿ ಅಚ್ಚು ಹಾಕಿಸುತ್ತಿದ್ದೆವು. ಅಲ್ಲಿ ಮರಾಠಿ ಮೊಳೆ ರಾಶಿ ರಾಶಿ, ಕನ್ನಡದ್ದು ಒಂದೇ ಪೆಟ್ಟಿಗೆ. ಲೇಖನ ಉದ್ದವಾದರೆ ನಡುವೆಯೇ ಅಕ್ಷರ ತೀರಿಹೋಗಿ, ಮೊದಲ ಪುಟ ಅಚ್ಚಾಗಿ ಮೊಳೆ ಬಿಚ್ಚುವ ತನಕ ಮುಂದಿನ ಪುಟ ಕಾಯುತ್ತಾ ಕೂರಬೇಕಾಗುತ್ತಿತ್ತು.

ಪತ್ರಿಕೆಯ ಕೊನೆಯ ಪುಟದ ಹೆಸರು 'ಸಂಸ್ಥೆಯ ಸಮಾಚಾರ'. ಅದನ್ನು ಬಾಯಾರೇ ಬರೆಯುತ್ತಿದ್ದರು. ಯಾರು ಬಂದುಹೋದರು, ಯಾವ ಪುಸ್ತಕ ಬಂತು, ಯಾವ ಹಳ್ಳಿಗೆ ಹೋಗಿಬಂದೆವು, ಕಪಾಟಿನ ಗೆದ್ದಲಿಗೆ ಏನು ಮಾಡಿದೆವು, ಎಲ್ಲವೂ ಅದರಲ್ಲಿ ಬರಬೇಕು. ಒಂದು ಸಲ 'ಪಂಖಾ ದುರಸ್ತಿಯಾಯಿತು' ಎಂದೂ ಬರೆದಿದ್ದರು. ವಿದ್ವತ್ ಪತ್ರಿಕೆಯಲ್ಲಿ ಪಂಖಾ ಯಾಕ್ರಿ ಎಂದು ನಾನು ಕೇಳಿದರೆ, 'ಪಂಖಾ ಇಲ್ಲದ ನೀವು ಪ್ರೂಫ್ ನೋಡಿದ್ರೇನ್ರಿ?' ಎಂದರು. ಆದದ್ದನ್ನು ಆಯಿತೆಂದು, ಆಗದ್ದನ್ನು ಆಗಲಿಲ್ಲವೆಂದು ಬರೆಯಬೇಕು ಎನ್ನುವುದು ಅವರ ಹಟ. ನನಗೆ ಆ ಪುಟವೆಂದರೆ ಕಾಗದ ದಂಡ. ಅದೇ ಪುಟ ಮುಂದೆ ನಮ್ಮನ್ನು ಕಾಯುತ್ತದೆ ಎಂದು ಆಗ ಯಾರಾದರೂ ಹೇಳಿದ್ದರೆ ನಕ್ಕುಬಿಡುತ್ತಿದ್ದೆ.

ಎಂಬತ್ತರ ದಶಕದ ನಡುಗಾಲ ಅದು. ಬಾಯಾರು ಉಗಾರದಿಂದ ಕಾಗವಾಡಕ್ಕೆ ಹೋಗುವ ದಾರಿಯ ಆಸುಪಾಸಿನ ಒಂದು ಹಳ್ಳಿಗೆ ಲಗ್ನದ ಊಟಕ್ಕೆ ಹೋಗಿದ್ದರು. ಹಳ್ಳಿಯ ಹೆಸರು ಬೇಡ. ಹಿಂದೊಮ್ಮೆ ಬರೆದು, ಬಸ್ಸು ತುಂಬ ಜನ ಹೋಗಿ, ಊರವರು ಚಹಾ ಮಾಡಿ ಮಾಡಿ ಸುಸ್ತಾಗಿದ್ದಾರೆ. ಅಲ್ಲಿಯ ಗುಡಿಯಲ್ಲಿ ಎದೆಮಟ್ಟದ ಒಂದು ಚಪ್ಪಟೆ ಕಲ್ಲೇ ಹಣಮಪ್ಪ. ತಲೆತಲಾಂತರದಿಂದ ಶನಿವಾರಕ್ಕೊಮ್ಮೆ ಎಣ್ಣೆ ಶೇಂದೂರ ಬಳಿದೂ ಬಳಿದೂ ಆ ಲೇಪ ಗೇಣುದಪ್ಪ ಬೆಳೆದಿತ್ತು. ಕೈ ಎಲ್ಲಿ, ಬಾಲ ಎಲ್ಲಿ, ಒಂದೂ ತಿಳಿಯದು. ಕೆಂಪು ಗುಡ್ಡೆಯ ಮೇಲೆ ಬೆಳ್ಳಿಯ ಎರಡು ಕಣ್ಣು, ಅಷ್ಟೇ. ದಿನಾ ಕೊಡದ ನೀರು ಬೀಳುವ ಬುಡದಲ್ಲಿ ಮಾತ್ರ ಲೇಪದ ಒಂದು ಚಕ್ಕೆ ಎದ್ದಿತ್ತು. ಬಾಯಾರು ನಮಸ್ಕಾರಕ್ಕೆ ಬಗ್ಗಿದವರು ಏಳಲೇ ಇಲ್ಲ. ಆ ಚಕ್ಕೆಯ ಕೆಳಗೆ ಹಳೆಗನ್ನಡದ ಅಕ್ಷರಗಳಿದ್ದವು.

ಮರುದಿನ ಮಹಡಿಯ ಮೆಟ್ಟಿಲು ಹತ್ತುವಾಗಲೇ ಕೂಗಿದರು, 'ಮಾಸ್ತರ, ಶಾಸನ ಸಿಕ್ತು.' ನಾನು ಕುಣಿದುಬಿಟ್ಟೆ. ನಾಳೆಯೇ ಹೋಗಿ ಲೇಪ ತೆಗೆಸೋಣ ಎಂದೆ. ಬಾಯಾರು ಕುರ್ಚಿಯ ಮೇಲೆ ಕೂತು, ಡಬ್ಬಿ ಬಿಚ್ಚಿ, ರೊಟ್ಟಿಯ ಮೇಲೆ ಶೇಂಗಾ ಹಿಂಡಿ ಹಾಕಿಕೊಳ್ಳುತ್ತಾ, ಅದು ಊರಿನ ದೇವರು, ಊರನ್ನು ಕೇಳಬೇಕು ಎಂದರು. ಊರವರನ್ನು ಕೇಳಿದಾಗ ಅವರು, ದೇವರ ಮೈ ವಿಷಯ, ದೇವರನ್ನೇ ಕೇಳಬೇಕು ಎಂದರು.

ದೇವರನ್ನು ಕೇಳುವುದಕ್ಕೆ ಅಲ್ಲಿ ಒಂದು ಪದ್ಧತಿ ಇತ್ತು. ಅದಕ್ಕೆ ಕೌಲ ಹಚ್ಚುವುದು ಅನ್ನುತ್ತಾರೆ. ವರ್ಷಕ್ಕೊಂದು ದಿನ, ಚೈತ್ರದಲ್ಲಿ, ಪೂಜಾರಿ ಹೂವಿನ ಎಸಳುಗಳನ್ನು ನೀರಲ್ಲಿ ಅದ್ದಿ ದೇವರ ಎರಡೂ ಭುಜಕ್ಕೆ ಅಂಟಿಸುತ್ತಾನೆ. ಕೇಳುವವರು ಎದುರಿಗೆ ನಿಂತು ತಮ್ಮ ಪ್ರಶ್ನೆ ಹೇಳಬೇಕು. ದೇವರ ಬಲಗಡೆಯ ಎಸಳು ಮೊದಲು ಬಿದ್ದರೆ ಹೂಂ, ಎಡಗಡೆಯದು ಬಿದ್ದರೆ ಊಹೂಂ. ಬಾವಿ ತೋಡಲೇ, ಹುಡುಗಿಯನ್ನು ಆ ಮನೆಗೆ ಕೊಡಲೇ, ಕಬ್ಬು ತೆಗೆದು ದ್ರಾಕ್ಷಿ ಹಚ್ಚಲೇ ಎಂದೆಲ್ಲ ಕೇಳುವವರು ಇರುತ್ತಿದ್ದರು. ಒಬ್ಬನಿಗೆ ದೇವರು ದ್ರಾಕ್ಷಿಗೆ ಎಡ ಕೊಟ್ಟ. ಅವನ ಹೆಂಡತಿ ಮುಂದೆ ಬಂದು, ಹೊಲ ನನ್ನ ಹೆಸರಿಗೈತಿ, ನಾ ಕೇಳ್ತೇನಿ ಎಂದು ಅದನ್ನೇ ಕೇಳಿದಳು. ಬಲ ಕೊಟ್ಟ. ಯಾರೂ ಆಕ್ಷೇಪ ಮಾಡಲಿಲ್ಲ. ನನಗೆ ನಗು ತಡೆಯಲಾಗಲಿಲ್ಲ, ಬಾಯಾರು ಮೊಳಕೈಯಿಂದ ತಿವಿದರು.

ನಮ್ಮ ಸರದಿ ಬಂತು. ಬಾಯಾರು ಸೆರಗು ಹೊದ್ದು, ಕ್ಲಾಸಿನಲ್ಲಿ ಹೇಳುವಷ್ಟೇ ಸ್ಪಷ್ಟವಾಗಿ, 'ಈ ಲೇಪ ತಗದು ಒಳಗಿನ ಬರಹ ಓದಲೇನು?' ಎಂದು ಕೇಳಿದರು. ಎಡಗಡೆಯ ಎಸಳು ತಟ್ಟನೆ ಬಿತ್ತು. ಬಾಯಾರು ಮತ್ತೊಮ್ಮೆ ನಮಸ್ಕಾರ ಮಾಡಿ, ಕೊಟ್ಟ ಬೆಲ್ಲ ತಿಂದು, ಬಸ್ಸಿಗೆ ಬಂದು ನಿಂತರು. ವಾದದಲ್ಲಿ ಎಂದೂ ಸೋಲೊಪ್ಪದ ಹೆಣ್ಣುಮಗಳು ಒಂದು ಹೂವಿನೆಸಳಿನ ಎದುರು ಚಕಾರ ಎತ್ತದ್ದು ನನಗೆ ವಿಚಿತ್ರವೆನಿಸಿತು. ದಾರಿಯುದ್ದಕ್ಕೂ ನಾನೇ ಗೊಣಗಿದೆ.

ಆ ಸಂಚಿಕೆಯ ಸಮಾಚಾರದಲ್ಲಿ ಅವರು ಬರೆದದ್ದು ಹೀಗೆ: ಇಂಥ ಊರಿನ ಹಣಮಂತ ದೇವರ ಕಲ್ಲಿನ ಮೇಲೆ ಶಾಸನವಿರುವಂತೆ ತೋರುತ್ತದೆ, ದೇವರ ಅಪ್ಪಣೆ ಕೇಳಲಾಯಿತು, ಈ ವರ್ಷ ದೊರೆತಿಲ್ಲ. ನಾನು ಪ್ರೂಫಿನಲ್ಲಿ ಆ ಸಾಲಿಗೆ ಅಡ್ಡಗೆರೆ ಎಳೆದೆ. ಅವರು ನನ್ನ ಗೆರೆಯ ಮೇಲೆ ಗೆರೆ ಎಳೆದು ಸಾಲನ್ನು ಉಳಿಸಿದರು. ಸಂಚಿಕೆ ಹೊರಬಂದ ಮೇಲೆ ಆಗಬೇಕಾದದ್ದೇ ಆಯಿತು. ಒಂದು ವಿಚಾರ ಸಂಕಿರಣದಲ್ಲಿ ದೊಡ್ಡ ಪ್ರಾಧ್ಯಾಪಕರೊಬ್ಬರು ನಮ್ಮ ಪತ್ರಿಕೆಯನ್ನು ಎತ್ತಿ ಹಿಡಿದು, ಇನ್ನು ಮುಂದೆ ನಾವೂ ಹೂ ಕೇಳಿಯೇ ಪ್ರಬಂಧ ಬರೆಯಬೇಕೇನೋ ಎಂದು ಸಭೆಯನ್ನು ನಗಿಸಿದರು. ನಾನು ಹಿಂದಿನ ಸಾಲಿನಲ್ಲಿ ಕೂತು ನೆಲ ನೋಡಿದೆ. ನಾಚಿಕೆಗಿಂತ ಹೆಚ್ಚಾಗಿ ಬಾಯಾರ ಮೇಲೆ ಸಿಟ್ಟು ಬಂದಿತ್ತು. ಬಾಯಾರು ಮಾತ್ರ ಎಲ್ಲರ ಜೊತೆ ತಾವೂ ನಕ್ಕಿದ್ದರು.

ಅವರು ಸಿಟ್ಟಾದದ್ದು ಮಂಡಳಿಯ ಚೇರಮನ್ನರ ಮೇಲೆ. ಚೇರಮನ್ನರು ಕೆಟ್ಟವರಲ್ಲ. ಕಬ್ಬು, ದ್ರಾಕ್ಷಿ, ಎರಡು ಟ್ರ್ಯಾಕ್ಟರು, ಮಾತಿಗೆ ತೂಕ ಇದ್ದ ಮನುಷ್ಯ. ಎರಡನೆಯ ವರ್ಷವೂ ದೇವರು ಎಡವೇ ಕೊಟ್ಟ ಮೇಲೆ ಒಂದು ದಿನ ಏದುಸಿರು ಬಿಡುತ್ತಾ ಮಹಡಿ ಹತ್ತಿ ಬಂದರು. ನಮ್ಮ ಉದ್ದದ ಮೇಜನ್ನು ಕಣ್ಣಿನಲ್ಲೇ ಅಳೆದು, ಇಲ್ಲಿ ಟೈಪಿಂಗ ಮಶೀನು ಎಷ್ಟು ಕೂರಬಹುದು ಎಂದು ಕೇಳಿದರು. ಮಂಡಳಿಯಲ್ಲಿ ಮಾತಾಗಿತ್ತು. ಪತ್ರಿಕೆಯನ್ನು ಯಾರೂ ಓದುವುದಿಲ್ಲ, ಹೊಸದೇನೂ ಬರುವುದಿಲ್ಲ, ಮೇಲಾಗಿ ಜನ ನಗುತ್ತಿದ್ದಾರೆ. ಬರುವ ಬೇಸಿಗೆಯ ಸಂಚಿಕೆ ಮುಗಿದ ಮೇಲೆ ಪತ್ರಿಕೆ ನಿಲ್ಲಿಸಿ ಈ ಕೋಣೆಗಳಲ್ಲಿ ಟೈಪಿಂಗ ಕ್ಲಾಸು ತೆರೆಯುವುದು. ಬಾಯಾರು ಏನಾದರೂ ದೊಡ್ಡದನ್ನು ತಂದು ತೋರಿಸಿದರೆ ಬೇರೆ ಮಾತು.

'ಆ ಕಲ್ಲಿಂದು ಚಿಂತಿ ಬಿಡ್ರಿ ಬಾಯಾರ,' ಎಂದರು ಚೇರಮನ್ನರು. 'ಆ ಊರಾಗ ನಮ್ಮ ಬೀಗರದಾರ. ಪೂಜಾರಿಗೂ ಒಂದ ಮಾತ ಹೇಳಿಸಿದ್ರ ಹೂ ನಿಮಗ ಬೇಕಾದ ಕಡೆ ಬೀಳತೈತಿ. ಇಲ್ಲಾ, ಮುಂಜಾನೆ ಹೊತ್ತೇಳೂದ್ರಾಗ ನಾಕ ಮಂದಿ ಕಳಸ್ತೀನಿ. ಕೆರದ ಬಿಡತಾರ.'

ಬಾಯಾರು ಕೈಯಲ್ಲಿದ್ದ ಪ್ರೂಫ್ ಮೇಜಿನ ಮೇಲಿಟ್ಟರು. 'ಸಾಹೇಬ್ರ, ನಿಮ್ಮ ಮನಿ ದೇವರ ಮುಂದ ನಿಂತು ಹಿಂಗ ಅಂತೀರೇನ್ರಿ? ಪತ್ರಿಕೆ ನಿಂತ್ರ ನಿಲ್ಲಲಿ. ಕದ್ದ ಓದಿದ ಶಾಸನ ನಾ ಅಚ್ಚ ಹಾಕಂಗಿಲ್ಲ. ಬ್ಯಾಡಂದೋರ ಮನಿ ಬಾಗಿಲಾ ಮುರದು ಒಳಗ ಹೋಗೂದಕ್ಕ ಸಂಶೋಧನೆ ಅನ್ನಂಗಿಲ್ರಿ.'

ಚೇರಮನ್ನರು ಟೋಪಿ ಸರಿಪಡಿಸಿಕೊಂಡು, ನಿಮ್ಮ ಮರ್ಜಿ ಎಂದು ಕೆಳಗಿಳಿದರು. ಅವರ ಹೆಜ್ಜೆ ಕೇಳಿಸದಾದ ಮೇಲೆ ನಾನು ಬಾಯಾರೊಂದಿಗೆ ಜಗಳವಾಡಿದೆ. ಇಡೀ ಪತ್ರಿಕೆಯನ್ನು ಒಂದು ಹೂವಿನೆಸಳಿನ ಮೇಲೆ ಇಡುತ್ತೀರಾ ಎಂದೆ. ಅವರು ಕಿಟಕಿಯ ಹತ್ತಿರ ಹೋಗಿ ನಿಂತರು. ಆಮೇಲೆ ಕನ್ನಡಕ ತೆಗೆದು ಒರೆಸುತ್ತಾ, 'ಇದನ್ನ ಬಿಟ್ರ ನನಗ ಬ್ಯಾರೆ ಏನ ಐತಿ ಮಾಸ್ತರ?' ಎಂದರು. ಅವರ ದನಿ ಹಾಗೆ ಸಣ್ಣದಾದದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಹಳ್ಳಿಯವರು ಯಾಕೆ ಅಷ್ಟು ಬಿಗಿ ಹಿಡಿದಿದ್ದರು ಎನ್ನುವುದು ಅಷ್ಟರಲ್ಲಿ ನಮಗೆ ಗೊತ್ತಾಗಿತ್ತು. ಹಿಂದೆ ಪಕ್ಕದ ಊರಿನಲ್ಲಿ ಯಾರೋ ಬಂದು ಒಂದು ಕೆತ್ತನೆಯ ಕಲ್ಲು ನೋಡಿ, ಅಪರೂಪದ್ದು ಎಂದು ಹೊಗಳಿ, ಜೀಪಿನಲ್ಲಿ ಹಾಕಿಕೊಂಡು ಹೋದವರು ಮರಳಿ ತಂದಿರಲಿಲ್ಲ. ಓದಿದರೆ ಒಯ್ಯುತ್ತಾರೆ ಎನ್ನುವುದು ಊರಿನ ಲೆಕ್ಕಾಚಾರ. ಬಾಯಾರು ಕಲ್ಲು ಅಲ್ಲಾಡುವುದಿಲ್ಲ ಎಂದು ಮಾತು ಕೊಟ್ಟರು. ಮಾತು ಕೊಟ್ಟವರನ್ನು ಆ ಊರು ಬಹಳ ನೋಡಿತ್ತು.

ಬಾಯಾರು ಹೋಗುವುದನ್ನು ಮಾತ್ರ ನಿಲ್ಲಿಸಲಿಲ್ಲ. ಪ್ರತಿ ಸಂಚಿಕೆ ಬಂದಾಗಲೂ ಒಂದು ಪ್ರತಿ ಹಿಡಿದುಕೊಂಡು ಕೆಂಪು ಬಸ್ಸು ಹತ್ತಿ ಆ ಊರಿಗೆ ಹೋಗುವುದು, ಗುಡಿಯ ಕಟ್ಟೆಯ ಮೇಲೆ ಕೂತು ಸಮಾಚಾರದ ಪುಟ ಓದಿ ಹೇಳುವುದು. ಓದುವ ಕೆಲಸ ನನ್ನದು. ದೇವರ ಅಪ್ಪಣೆ ದೊರೆತಿಲ್ಲ ಎಂಬ ಸಾಲು ಬಂದಾಗ ಮುದುಕರು ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಒಬ್ಬನಂತೂ ಪುಸ್ತಕ ಇಸಿದುಕೊಂಡು, ಆ ಸಾಲು ಎಲ್ಲಿದೆ ಎಂದು ಬೆರಳು ಇಡಿಸಿಕೊಂಡು ನೋಡಿದ. ಊರಿನ ಪಾಟೀಲರ ಮನೆಯ ಹಿರಿಯಳು, ಎಲ್ಲರೂ ಆಯಿ ಎನ್ನುತ್ತಿದ್ದ ಒಬ್ಬ ಅಜ್ಜಿ ಇದ್ದಳು. ಹಲ್ಲಿಲ್ಲದ ಬಾಯಿ, ಗಟ್ಟಿ ದನಿ, ಗುಡಿಯಲ್ಲಿ ಅವಳ ಮಾತಿಗೆ ಎದುರಿಲ್ಲ. ಮೊದಲೆಲ್ಲ ನಮ್ಮನ್ನು ಕಂಡರೆ ಮುಖ ತಿರುವುತ್ತಿದ್ದವಳು, ಎರಡನೆಯ ವರ್ಷ ಕೇಳಿದಳು:

'ಹೌದೇನ್ರಿ, ನಾವು ಬ್ಯಾಡಂದದ್ದನ್ನ ಬ್ಯಾಡಂತ ಹಂಗ ಬರದೀರಿ?'

'ಹೌದ್ರಿ ಆಯಿ, ಹಂಗ ಬರದೇವಿ,' ಎಂದರು ಬಾಯಾರು.

'ಊರ ಮಂದಿ ನಗಲಿಲ್ಲೇನ್ರಿ ನಿಮಗ?'

'ನಕ್ರು. ನಗಲಿ ಬಿಡ್ರಿ.'

ಆಯಿ ಮನೆಗೆ ಹೋಗಿ, ಒಂದು ಚರಿಗೆ ಮಜ್ಜಿಗೆ ಕಳಿಸಿದಳು. ಬಿಸಿಲಲ್ಲಿ ಅದನ್ನು ಕುಡಿದು ನಾವು ಬಸ್ಸಿಗೆ ನಡೆದೆವು.

ಮೂರನೆಯ ಚೈತ್ರ ಬಂತು. ಬೇಸಿಗೆಯ ಸಂಚಿಕೆಗೆ ನಿಪ್ಪಾಣಿಯಲ್ಲಿ ಮೊಳೆ ಜೋಡಿಸುತ್ತಿದ್ದರು. ಟೈಪಿಂಗ ಮಶೀನುಗಳು ಆಗಲೇ ಬಂದು ನಮ್ಮ ಮೆಟ್ಟಿಲ ಕೆಳಗೆ ತಾಡಪಾಲು ಹೊದ್ದು ಕೂತಿದ್ದವು. ದಿನಾ ಅವನ್ನು ದಾಟಿ ಮೇಲೆ ಹೋಗಬೇಕು. ಅವತ್ತು ಬಾಯಾರು ರೊಟ್ಟಿಯ ಡಬ್ಬಿಯನ್ನೂ ತಂದಿರಲಿಲ್ಲ. ಶಾಸನದ ಅಚ್ಚು ತೆಗೆಯುವ ಕಾಗದ, ಬ್ರಷ್ಷು, ಮಸಿಯ ಡಬ್ಬಿ ಇದ್ದ ಕೈಚೀಲವನ್ನು ಮಾತ್ರ ತೊಡೆಯ ಮೇಲಿಟ್ಟುಕೊಂಡಿದ್ದರು. ಪ್ರತಿ ವರ್ಷ ಅದನ್ನು ತರುತ್ತಿದ್ದರು, ಪ್ರತಿ ವರ್ಷ ಬಿಚ್ಚದೆ ಒಯ್ಯುತ್ತಿದ್ದರು.

ಗುಡಿ ತುಂಬಿತ್ತು. ಪತ್ರಿಕೆ ನಿಲ್ಲುವ ಸುದ್ದಿ ಚೇರಮನ್ನರ ಬೀಗರಿಂದ ಊರಿಗೆಲ್ಲ ಗೊತ್ತಾಗಿ, ನೋಡಲೆಂದೇ ಬಂದವರೂ ಇದ್ದರು. ಪೂಜಾರಿ ಎಸಳು ಅಂಟಿಸಿದ. ಬಾಯಾರು ಅದೇ ಪ್ರಶ್ನೆ ಕೇಳಿದರು. ಎಸಳು ಎರಡೂ ಹಾಗೆಯೇ ನಿಂತವು. ಗಂಟೆಯ ಹತ್ತಿರ ಯಾರೋ ಕೆಮ್ಮಿದರು... ಆಮೇಲೆ ಎಡಗಡೆಯ ಎಸಳು ಮೆಲ್ಲಗೆ ಜಾರಿ, ಗುಡ್ಡೆಯ ಮೇಲೆ ಒಂದು ಕ್ಷಣ ತಡೆದು, ಕೆಳಗೆ ಬಿತ್ತು.

ಹಿಂದಿನ ಎರಡು ವರ್ಷ ಎಡ ಬಿದ್ದಾಗ ಸಮಾಧಾನಪಟ್ಟಿದ್ದ ಮುಖಗಳೇ ಈ ಸಲ ಸಪ್ಪಗಾದವು. ಬಾಯಾರು ಎಂದಿನಂತೆ ಬಗ್ಗಿ ನಮಸ್ಕಾರ ಮಾಡಿದರು. ಚೀಲ ಎತ್ತಿಕೊಂಡರು. ಪೂಜಾರಿಯ ಕೈಯಿಂದ ಬೆಲ್ಲ ಇಸಿದುಕೊಂಡು, 'ಬರ್ತೀವ್ರಿ' ಎಂದು ಹೊಸ್ತಿಲ ಕಡೆ ತಿರುಗಿದರು. ನಾನು ಆ ಕಲ್ಲನ್ನು, ಹೂವನ್ನು, ಊರನ್ನು ಎಲ್ಲವನ್ನೂ ಮನಸ್ಸಿನಲ್ಲೇ ಬೈಯುತ್ತಿದ್ದೆ.

'ನಿಂದರ್ರಿ ಬಾಯಾರ,' ಎಂದಿತು ಆಯಿಯ ಗಟ್ಟಿ ದನಿ.

ಆಕೆ ಕಂಬಕ್ಕೆ ಕೈ ಊರಿ ಎದ್ದು ಮುಂದೆ ಬಂದಳು. 'ಮೂರ ವರ್ಷ ಈ ಹೆಣಮಗಳು ಕೇಳಾಕತ್ತಾಳ. ಕೇಳಾಕಿ ಹೊರಗಿನಾಕಿ. ಮೈ ನಮ್ಮಪ್ಪಂದು. ಅಂವ ಹ್ಯಾಂಗ ಹೂಂ ಅಂದಾನು? ಕೇಳಬೇಕಾದವ್ರು ನಾವು.' ಪೂಜಾರಿಯ ಕಡೆ ತಿರುಗಿ, 'ಹಚ್ಚೊ ಹೂವಾ' ಎಂದಳು. ಪೂಜಾರಿ ಹಿರಿಯರನ್ನು ನೋಡಿದ. ಯಾರೂ ಬೇಡ ಎನ್ನಲಿಲ್ಲ. ದ್ರಾಕ್ಷಿ ಹಚ್ಚಿದವನ ಹೆಂಡತಿ ಮುಂದಿನ ಸಾಲಿನಿಂದಲೇ, 'ಹಚ್ಚಲಿ ಬಿಡ್ರಿ, ಕೇಳಲಿ ಆಯಿ' ಎಂದಳು. ಪೂಜಾರಿ ಕೊಡದಲ್ಲಿ ಎಸಳು ಅದ್ದಿ ಮತ್ತೆ ಎರಡೂ ಭುಜಕ್ಕೆ ಒತ್ತಿದ.

ಆಯಿ ದೇವರ ಎದುರು ನಿಂತು, ಮನೆಯ ಮೊಮ್ಮಗನನ್ನು ಕೇಳಿದ ಹಾಗೆ ಕೇಳಿದಳು. 'ಯಪ್ಪಾ ಹಣಮಪ್ಪ, ನಿನ್ನ ಮೈ ತೊಳದು ಎಷ್ಟ ಕಾಲ ಆತೊ. ನಮ್ಮ ಅತ್ತಿನೂ ತೊಳದಿಲ್ಲ, ಆಕಿ ಅತ್ತಿನೂ ತೊಳದಿಲ್ಲ. ಬ್ಯಾಸಿಗಿ ಬಂದೈತಿ. ನಿನಗ ಒಮ್ಮೆ ಜಳಕಾ ಹಾಕ್ಲೇನೊ?'

ಬಲಗಡೆಯ ಎಸಳು ಬಿತ್ತು. ಅದು ನೆಲ ಮುಟ್ಟುವ ಮೊದಲೇ ಇಡೀ ಗುಡಿ 'ಬಲ ಕೊಟ್ಟಾ' ಎಂದು ಎದ್ದು ನಿಂತಿತು. ಗಂಟೆ ಬಾರಿಸಿದರು, ಯಾರೋ ಹೊರಗೆ ಓಡಿ ಹಲಗಿ ತಂದು ಬಡಿದರು. ಬಾಯಾರು ಹೊಸ್ತಿಲಲ್ಲೇ ಕೂತುಬಿಟ್ಟರು. ಕನ್ನಡಕದ ಕೆಳಗೆ ನೀರು ಇಳಿಯುತ್ತಿತ್ತು, ಬಾಯಿ ನಗುತ್ತಿತ್ತು. ನಾನೂ ಅತ್ತೆ. ನಾಚಿಕೆಯೇನೂ ಆಗಲಿಲ್ಲ.

ಮರುದಿನ ಮುಂಜಾನೆ ಜಳಕ. ಊರಿನ ಹೆಣ್ಣುಮಕ್ಕಳೆಲ್ಲ ಒಂದೊಂದು ತಂಬಿಗೆ ಎಣ್ಣೆ ಕಾಯಿಸಿ ತಂದರು. ಕಬ್ಬಿಣ ಮುಟ್ಟಿಸಬಾರದು ಎಂದು ಆಯಿಯ ಅಪ್ಪಣೆ. ಬಿದಿರಿನ ಚೂರುಗಳಿಂದಲೇ ಲೇಪ ಎಬ್ಬಿಸಬೇಕು. ಬಿಸಿ ಎಣ್ಣೆ ಇಳಿದ ಹಾಗೆ ಶೇಂದೂರ ಮೆದುವಾಗಿ ಹಪ್ಪಳಿಕೆ ಹಪ್ಪಳಿಕೆಯಾಗಿ ಎದ್ದು ಬಂತು. ಬುಟ್ಟಿ ಬುಟ್ಟಿ ತುಂಬಿ ಹಲಗಿ ಬಾರಿಸುತ್ತಾ ಕೃಷ್ಣೆಗೆ ಒಯ್ದು ಬಿಟ್ಟರು. ನಾನೂ ಒಂದು ಬುಟ್ಟಿ ಹೊತ್ತೆ. ಅಂಗಿಗೆ ಆ ವಾಸನೆ ಹತ್ತಿದ್ದು ಅವತ್ತೇ.

ಲೇಪವೆಲ್ಲ ಹೋದ ಮೇಲೆ ಕರಿಗಲ್ಲು ಹೊರಬಂತು. ಕಲ್ಲಿನ ಮೇಲೆ ಹಣಮಪ್ಪ ಇರಲಿಲ್ಲ. ಗದೆ ಇಲ್ಲ, ಬಾಲ ಇಲ್ಲ, ಮುಖ ಇಲ್ಲ. ಮೇಲ್ಗಡೆ ಸೂರ್ಯ, ಚಂದ್ರ, ಒಂದು ಆಕಳು ಕರು. ಕೆಳಗೆ ಬುಡದ ತನಕ ಬರೀ ಅಕ್ಷರ. ಇಷ್ಟು ತಲೆಮಾರು ಬೆಳ್ಳಿಯ ಕಣ್ಣು ಕೂತಿದ್ದದ್ದು ಸೂರ್ಯಚಂದ್ರರ ಮೇಲೆ. ಬಾಯಾರ ಮುಖ ಬಿಳಿಚಿತು. ಶಾಸನ ಸಿಕ್ಕಿತ್ತು, ಆದರೆ ಊರಿನ ದೇವರನ್ನು ಕಳೆದೆವೇ ಎಂಬ ಹೆದರಿಕೆ ಅವರ ಕಣ್ಣಲ್ಲಿ ಕಂಡಿತು. ಪೂಜಾರಿ ಕೈಯಲ್ಲಿದ್ದ ಬಿದಿರಿನ ಚೂರನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡ.

ಆಯಿ ಹತ್ತಿರ ಬಂದು ಅಕ್ಷರಗಳ ಮೇಲೆ ಅಂಗೈ ಆಡಿಸಿದಳು. ಮೇಲಿಂದ ಕೆಳಗೆ, ಕೆಳಗಿಂದ ಮೇಲೆ. 'ನೋಡ್ರಿ,' ಎಂದಳು ಕೊನೆಗೆ. 'ಇಷ್ಟ ದಿನಾ ನಮ್ಮಪ್ಪ ಇದನ್ನ ಕಾಯ್ಕೊಂಡು ಕುಂತಿದ್ದ.' ಅಷ್ಟು ಸಾಕಾಯಿತು. ಊರಿನ ಉಸಿರು ಮರಳಿತು. ಕಣ್ಣುಗಳನ್ನು ತೊಳೆದು ಅಲ್ಲೇ ಮೇಲ್ಗಡೆ ಕೂರಿಸುವುದು, ಶೇಂದೂರ ಅಲ್ಲಿಗಷ್ಟೇ ಹಚ್ಚುವುದು, ಕೆಳಗಿನ ಬರಹ ತೆರೆದೇ ಇರಲಿ ಎಂದು ಅಲ್ಲೇ ತೀರ್ಮಾನವಾಯಿತು.

ಬಾಯಾರು ಒದ್ದೆ ಕಾಗದ ಹಚ್ಚಿ, ಬ್ರಷ್ಷಿನಿಂದ ತಟ್ಟಿ, ಮಸಿ ಒತ್ತಿ ಅಚ್ಚು ತೆಗೆದರು. ಆಮೇಲೆ ಕಲ್ಲಿನ ಪಕ್ಕ ಮೊಣಕಾಲೂರಿ ಕೂತು, ಬೆರಳಿಟ್ಟು, ಒಂದೊಂದೇ ಸಾಲು ಓದಿ ಅರ್ಥ ಹೇಳಿದರು. ಊರಿನ ಜನರೆಲ್ಲ ಒಂದು ಕಡೆ ಕೂಡಿ, ಒಮ್ಮತದಿಂದ, ತಮ್ಮ ಮಕ್ಕಳ ಓದು ಬರಹಕ್ಕೆಂದು ಕಲಿಸುವವನಿಗೆ ಭೂಮಿ ಬಿಟ್ಟುಕೊಟ್ಟಿದ್ದರು. ಇದನ್ನು ಕೆಡಿಸಿದವರಿಗೆ ಶಾಪ, ಕಾಯ್ದವರಿಗೆ ಪುಣ್ಯ. ಯಾವ ರಾಜನ ಹೊಗಳಿಕೆಯೂ ಉದ್ದಕ್ಕಿರಲಿಲ್ಲ. ಇಡೀ ಕಲ್ಲಿನ ತುಂಬ ಊರೇ ಇತ್ತು. ಗಂಡಸರು ಪಟಕ, ಟೋಪಿ ತೆಗೆದು ಕೈಯಲ್ಲಿ ಹಿಡಿದು ಕೇಳಿದರು. ಓದಿ ಮುಗಿದ ಮೇಲೆ ಬಾಯಾರು ಎದ್ದು ನಿಂತು, ಬಹಳ ದಿನಗಳ ನಂತರ, ಗುಡಿಯ ಹೊರಗಿನ ಎತ್ತುಗಳು ತಲೆ ಎತ್ತುವ ಹಾಗೆ ನಕ್ಕರು.

ನಿಪ್ಪಾಣಿಯ ಪ್ರೆಸ್ಸಿನಲ್ಲಿ ಜೋಡಿಸಿದ್ದ ಪುಟಗಳನ್ನು ಬಿಚ್ಚಿಸಿ ಸಂಚಿಕೆಯನ್ನು ಮತ್ತೆ ಕಟ್ಟಿದೆವು. ಕನ್ನಡ ಮೊಳೆ ಸಾಲದೆ ಸಂಕೇಶ್ವರದ ಒಂದು ಪ್ರೆಸ್ಸಿನಿಂದ ಎರವಲು ತಂದೆವು. ಸಮಾಚಾರದ ಪುಟದಲ್ಲಿ ಬಾಯಾರು ಬರೆದದ್ದು ಒಂದೇ ಸಾಲು: ಊರವರು ಕೇಳಿದರು, ದೇವರು ಬಲ ಕೊಟ್ಟ. ಈ ಸಲ ನಾನು ಅಡ್ಡಗೆರೆ ಎಳೆಯಲಿಲ್ಲ. ಸಂಚಿಕೆ ಬಂದ ವಾರವೇ ಆ ಊರಿನಿಂದ ಟ್ರ್ಯಾಕ್ಟರು ತುಂಬ ಜನ ಚಿಕ್ಕೋಡಿಗೆ ಬಂದು ಮಹಡಿ ಹತ್ತಿದರು. ಓದು ಬಾರದವರೂ ತಲೆಗೊಂದರಂತೆ ಪತ್ರಿಕೆ ಕೊಂಡು, ಅದಕ್ಕೆ ಅರಿಶಿನ ಕುಂಕುಮ ಹಚ್ಚಿ ಒಯ್ದರು. ವಿದ್ವತ್ ಪತ್ರಿಕೆ ಮುಗಿದುಹೋಗಿ ಮತ್ತೆ ಅಚ್ಚಾದದ್ದನ್ನು ನಾನು ನನ್ನ ಜನ್ಮದಲ್ಲಿ ಕಂಡದ್ದು ಅದೊಂದೇ.

ಮಂಡಳಿಯ ಸಭೆಯಲ್ಲಿ ಚೇರಮನ್ನರು ಎದ್ದು ನಿಂತು, ಈ ಶೋಧಕ್ಕೆ ತಾವು ಮೊದಲಿನಿಂದಲೂ ಬೆನ್ನೆಲುಬಾಗಿ ನಿಂತಿದ್ದಾಗಿ ಹೇಳಿದರು. ಬಾಯಾರು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದರು. ಟೈಪಿಂಗ ಮಶೀನುಗಳು ಹೆಣ್ಣುಮಕ್ಕಳ ಸಾಲೆಯ ವರಾಂಡಕ್ಕೆ ಹೋದವು. ನಮ್ಮನ್ನು ನಗೆಯಾಡಿದ್ದ ಪ್ರಾಧ್ಯಾಪಕರು ತಾವಾಗಿಯೇ ಬಂದು, ಗುಡಿಯಲ್ಲಿ ಚಪ್ಪಲಿ ಬಿಟ್ಟು, ಶಾಸನ ನೋಡಿ, ಪೂರಾ ಒಂದು ಮಧ್ಯಾಹ್ನ ಬಾಯಾರೊಂದಿಗೆ ಅದರ ಕಾಲದ ಬಗ್ಗೆ ವಾದ ಮಾಡಿದರು. ವಾದದಲ್ಲಿ ಗೆದ್ದವರು ಯಾರೆಂದು ನಾನು ಹೇಳಬೇಕಿಲ್ಲ. ಅವತ್ತು ಚಹಾ ಎರಡು ಸಲ ಬಂತು.

ಪತ್ರಿಕೆ ನಿಲ್ಲಲಿಲ್ಲ. ತೊಂಬತ್ತರ ದಶಕದ ಕೊನೆಯ ಹೊತ್ತಿಗೆ ನಮ್ಮ ಕೋಣೆಗಳು ನಾಲ್ಕಾದವು. ಮೊಳೆ ಹೋಗಿ ಕಂಪ್ಯೂಟರು ಬಂತು. ರಾಯಬಾಗ, ಅಥಣಿಯ ಹಳ್ಳಿಗಳವರು ತಾವಾಗಿಯೇ ಬಂದು, ನಮ್ಮ ಊರಲ್ಲೂ ಒಂದು ಕಲ್ಲಿದೆ, ಬಂದು ಕೇಳ್ರಿ ಎಂದು ಬಾಯಾರನ್ನು ಕರೆದೊಯ್ಯುತ್ತಿದ್ದರು. ಆ ದಶಕ ಮುಗಿಯುವ ಹೊತ್ತಿಗೆ ಬಾಯಾರೂ ಹೋದರು. ಹಿಂದಿನ ದಿನದ ತನಕ ಪ್ರೂಫ್ ನೋಡುತ್ತಿದ್ದವರು... ಅವರ ಕುರ್ಚಿಯ ಮೇಲೆ ನನ್ನನ್ನು ಕೂರಿಸಿದರು. ಕೆಲಸ ನಡೆಯಿತು. ಕೆಲಸದ ಗಡಿಬಿಡಿಯಲ್ಲಿ ಅವರಿಲ್ಲ ಎನ್ನುವುದು ಎಷ್ಟೋ ವರ್ಷ ನನಗೆ ಪೂರ್ತಿ ಗೊತ್ತೇ ಆಗಲಿಲ್ಲ ಅನಿಸುತ್ತದೆ.

ಅದು ಗೊತ್ತಾದದ್ದು ಈ ವರ್ಷ. ದೂರದ ವಿಶ್ವವಿದ್ಯಾಲಯದ ಒಬ್ಬ ಹುಡುಗಿ ನಮ್ಮಲ್ಲಿಗೆ ಸಂಶೋಧನೆಗೆ ಬಂದಿದ್ದಾಳೆ. ಚುರುಕು, ಒಳ್ಳೆಯ ಓದು. ಅಥಣಿ ಕಡೆಯ ಒಂದು ಊರಿನಲ್ಲಿ ಹಾಗೆಯೇ ಶೇಂದೂರ ತುಂಬಿದ ಇನ್ನೊಂದು ಕಲ್ಲು ಇರುವುದು ಅವಳಿಗೆ ತಿಳಿಯಿತು. ಲೇಪವನ್ನು ಮುಟ್ಟದೆಯೇ ಒಳಗಿನದನ್ನು ಚಿತ್ರವಾಗಿ ತೋರಿಸುವ ಒಂದು ಯಂತ್ರ ತಂದಿದ್ದಳು. 'ಹತ್ತು ನಿಮಿಷ ಸಾಕು ಸರ್. ಯಾರನ್ನೂ ಕೇಳೋ ತಾಪತ್ರಯ ಇಲ್ಲ' ಎಂದಳು. ಕೇಳೋಣಮ್ಮ ಎಂದೆ. ಯಾಕೆ ಸರ್ ಎಂದಳು. ಅದು ನ್ಯಾಯವಾದ ಪ್ರಶ್ನೆಯೇ. ಬಾಯಾರಿದ್ದರೆ ಒಂದೇ ಮಾತಿನಲ್ಲಿ ಹೇಳುತ್ತಿದ್ದರು. ನಾನು ದಾರಿಯುದ್ದಕ್ಕೂ ಹೇಳಿದೆ, ಅವಳಿಗೆ ಹಿಡಿಸಿದ ಹಾಗೆ ಕಾಣಲಿಲ್ಲ.

ಊರಿನ ಕಟ್ಟೆಯ ಮೇಲೆ ಹಿರಿಯರು ಕೂತಿದ್ದರು. ನಾವು ಚಿಕ್ಕೋಡಿಯ ಸಂಸ್ಥೆಯವರು, ನಿಮ್ಮ ದೇವರ ಕಲ್ಲಿನ ಬರಹ ಓದಬೇಕಾಗಿದೆ, ನಿಮ್ಮನ್ನು ಕೇಳಲು ಬಂದಿದ್ದೇವೆ, ಬೇಡವೆಂದರೆ ಬೇಡವೆಂದೇ ಪತ್ರಿಕೆಯಲ್ಲಿ ಬರೆಯುತ್ತೇವೆ ಎಂದು ಹೇಳಿದೆ. ಹೇಳುತ್ತಾ ಅರಿವಿಲ್ಲದೆ ಎಡಕ್ಕೆ ಒಂದು ಹೆಜ್ಜೆ ಸರಿದು ನಿಂತಿದ್ದೆ, ಮುಂದೆ ಯಾರೋ ಇದ್ದಾರೆ ಎನ್ನುವ ಹಾಗೆ. ಮುಂದೆ ಯಾರೂ ಇರಲಿಲ್ಲ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು.

ಅವರಲ್ಲಿ ಹಿರಿಯನೊಬ್ಬ ಕಣ್ಣಿಗೆ ಕೈ ಅಡ್ಡ ಹಿಡಿದು ನನ್ನನ್ನು ನೋಡಿದ. 'ಚಿಕ್ಕೋಡಿಯವರಾ? ನಿಮ್ಮಲ್ಲಿ ಎತ್ತರದ ಬಾಯಾರು ಒಬ್ರು ಇದ್ರಲ್ರಿ, ನಮ್ಮ ಸೋದರತ್ತಿ ಊರಾಗ ಹೂ ಕೇಳಿದವ್ರು. ಎಲ್ಲದಾರ್ರಿ ಅವ್ರು?'

'ಅವ್ರು ಇಲ್ರಿ ಈಗ,' ಎಂದೆ. ಆ ಮಾತು ನನ್ನ ಬಾಯಿಂದ ಹೊರಬಿದ್ದು ನನ್ನ ಕಿವಿಗೇ ಮೊದಲ ಸಲ ಕೇಳಿಸಿತು.

ಮುದುಕ ಕೋಲು ಊರಿ ಎದ್ದು, ಗುಡಿಯ ಕಡೆ ಕೈ ಮಾಡಿದ. 'ಹಂಗಾರ ನೀವ ಕೇಳಬೇಕಲ್ರಿ. ಬರ್ರಿ ಒಳಗ.'

ಹುಡುಗಿ ಯಂತ್ರದ ಪೆಟ್ಟಿಗೆಯನ್ನು ಕಟ್ಟೆಯ ಮೇಲಿಟ್ಟಳು. ನಾನು ಚಪ್ಪಲಿ ಬಿಟ್ಟು ಒಳಗೆ ಹೋದೆ.